ರಾಶಿಯ ಕಾಲದಲ್ಲಿ ಗುಳಿಗೆ ಬಿಡಬೇಡಿರಿ



ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳೆಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು ಬಿಸಿಲು. ಏಪ್ರಿಲ್, ಮೇ ತಿಂಗಳುಗಳಲ್ಲಿ 42 ಡಿಗ್ರಿ ಮೀರಿದ ಬಿಸಿಲನ್ನು ಉಂಡು ಬೆಳೆದವರು ನಾವು. ತಲೆಗೆ ರುಮಾಲು ಸುತ್ತುವುದು, ಮಜ್ಜಿಗೆ ಕುಡಿಯುವುದು, ನಡುಹಗಲು ಬೇವಿನ ಮರದ ನೆರಳು ಹಿಡಿಯುವುದು ಇವನ್ನೆಲ್ಲ ನಮಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಚಳಿಯ ವಿಷಯದಲ್ಲಿ ಈ ಎಚ್ಚರಿಕೆ ನಮ್ಮಲ್ಲಿ ಕಾಣುವುದಿಲ್ಲ. “ನಮ್ಮ ಕಡೆ ಎಂಥ ಚಳಿ, ಎರಡು ತಿಂಗಳ ಮಾತು” ಎಂದು ಅಂದುಬಿಡುತ್ತೇವೆ. ಆ ಎರಡು ತಿಂಗಳ ಚಳಿ ರಕ್ತದ ಒತ್ತಡ, ಅಂದರೆ ಬಿ.ಪಿ. ಇರುವವರಿಗೆ ಏನು ಮಾಡುತ್ತದೆ, ಅದಕ್ಕೆ ನಾವು ಏನು ಮಾಡಬೇಕು ಎಂಬುದನ್ನು ಈ ವಾರ ನಿಮ್ಮ ಮುಂದೆ ಇಡುತ್ತಿದ್ದೇವೆ.

ಚಳಿಗಾಲ ನಮ್ಮ ಒಕ್ಕಲುತನದಲ್ಲಿ ಬಿಡುವಿನ ಕಾಲವಲ್ಲ. ಡಿಸೆಂಬರ್, ಜನವರಿಯಲ್ಲಿ ತೊಗರಿ ಕೊಯ್ದು ರಾಶಿ ಮಾಡಬೇಕು. ಬಿಳಿಜೋಳಕ್ಕೆ, ಕಡಲೆಗೆ ಕಾವಲು ಬೇಕು. ಅಫಜಲಪುರ, ಆಳಂದದ ಕಡೆ ಕಬ್ಬು ಕಡಿಯುವವರು ನಸುಕಿನಲ್ಲೇ ಗದ್ದೆಗೆ ಇಳಿಯುತ್ತಾರೆ. ಪಂಪ್‌ಸೆಟ್ಟಿಗೆ ಕರೆಂಟು ರಾತ್ರಿ ಪಾಳಿಯಲ್ಲಿ ಬಂದರೆ ನಡುರಾತ್ರಿ ಎದ್ದು ನೀರು ಹಾಯಿಸಬೇಕು. ಮಧ್ಯಾಹ್ನ 30 ಡಿಗ್ರಿ ಇದ್ದ ಹೊಲ ಬೆಳಗಿನ ಜಾವಕ್ಕೆ 15ಕ್ಕೆ, ಕೆಲವು ದಿನ 10ರ ಆಸುಪಾಸಿಗೂ ಇಳಿಯುತ್ತದೆ. ಇಂಥ ಹೊತ್ತಿನಲ್ಲಿ ನಾವು ಹತ್ತಿಯ ಅಂಗಿ, ಧೋತರ, ಹೆಗಲ ಮೇಲೊಂದು ಟವೆಲ್ಲು ಇಷ್ಟರಲ್ಲೇ ಹೊರಬೀಳುತ್ತೇವೆ. ನಮ್ಮ ಮನೆಗಳೂ ಬಿಸಿಲಿಗೆಂದು ಕಟ್ಟಿದವು. ದಪ್ಪ ಗೋಡೆ, ಕಲ್ಲಿನ ನೆಲ ಬೇಸಿಗೆಯಲ್ಲಿ ತಂಪು ಕೊಡುತ್ತವೆ. ಚಳಿಯಲ್ಲಿ ಅದೇ ನೆಲ ಮೈಯ ಕಾವನ್ನು ಎಳೆದುಕೊಳ್ಳುತ್ತದೆ.

ರಕ್ತದ ಒತ್ತಡವೆಂದರೆ ಏನೆಂಬುದನ್ನು ತಿಳಿಯಲು ನಿಮ್ಮ ಹೊಲದ ಪೈಪೇ ಸಾಕು. ನೀರು ಹರಿಯುವ ಪೈಪಿನ ಬಾಯನ್ನು ಹೆಬ್ಬೆರಳಿನಿಂದ ಅರ್ಧ ಮುಚ್ಚಿದರೆ ಒಳಗಿನ ಒತ್ತಡ ಏರಿ ನೀರು ದೂರ ಚಿಮ್ಮುತ್ತದೆ. ನಮ್ಮ ಮೈಯಲ್ಲಿ ಹೃದಯವೇ ಪಂಪು, ರಕ್ತನಾಳಗಳೇ ಪೈಪುಗಳು. ಮೈಗೆ ಚಳಿ ತಗಲಿದೊಡನೆ ಒಳಗಿನ ಕಾವು ಹೊರಗೆ ಹೋಗದಿರಲೆಂದು ಚರ್ಮದ ಕೆಳಗಿನ ಸಣ್ಣ ನಾಳಗಳು ಸಂಕುಚಿಸುತ್ತವೆ. ಬೆರಳು ತಣ್ಣಗಾಗಿ ಬಿಳಿಚಿಕೊಳ್ಳುವುದು ಇದರಿಂದಲೇ. ನಾಳ ಇಕ್ಕಟ್ಟಾದಾಗ ಒತ್ತಡ ಏರುತ್ತದೆ, ಹೃದಯ ಹೆಚ್ಚು ದುಡಿಯಬೇಕಾಗುತ್ತದೆ. ಆರೋಗ್ಯವಂತ ಯುವಕನಿಗೆ ಇದರಿಂದ ತೊಂದರೆಯಿಲ್ಲ. ಮೊದಲೇ ಒತ್ತಡ ಹೆಚ್ಚಿದ್ದು, ವಯಸ್ಸಾಗಿ ನಾಳಗಳು ಗಡುಸಾಗಿದ್ದವರಿಗೆ ಮಾತ್ರ ಅದು ಹಳೆಯ ಪೈಪಿಗೆ ದೊಡ್ಡ ಮೋಟರು ಜೋಡಿಸಿದಂತೆ.

ಇದು ಬರಿಯ ಊಹೆಯ ಮಾತಲ್ಲ. 1930ರ ದಶಕದಲ್ಲೇ ಅಮೆರಿಕದ ಮೇಯೋ ಕ್ಲಿನಿಕ್‌ನ ವೈದ್ಯರು ಜನರ ಕೈಯನ್ನು ಮಂಜುಗಡ್ಡೆಯ ನೀರಿನಲ್ಲಿ ಮುಳುಗಿಸಿ, ಸ್ವಲ್ಪ ಹೊತ್ತಿನಲ್ಲೇ ರಕ್ತದ ಒತ್ತಡ ಏರುವುದನ್ನು ಅಳೆದು ತೋರಿಸಿದರು. 1982ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಅಧ್ಯಯನವೊಂದು, ಒತ್ತಡವು ಬೇಸಿಗೆಗಿಂತ ಚಳಿಗಾಲದಲ್ಲಿ ಹೆಚ್ಚಿರುತ್ತದೆ, ವಯಸ್ಸಾದವರಲ್ಲಿ ಈ ವ್ಯತ್ಯಾಸ ಇನ್ನೂ ಹೆಚ್ಚು ಎಂದು ತಿಳಿಸಿತು. 2004ರಿಂದ 2008ರವರೆಗೆ ಚೀನದ ಹತ್ತು ಪ್ರದೇಶಗಳಲ್ಲಿ 5 ಲಕ್ಷಕ್ಕೂ ಹೆಚ್ಚು ಜನರ ಒತ್ತಡ ಅಳೆದಾಗ, ಮೇಲಿನ ಅಂಕ ಬೇಸಿಗೆಗಿಂತ ಚಳಿಗಾಲದಲ್ಲಿ ಸರಾಸರಿ 10ರಷ್ಟು ಹೆಚ್ಚು ಕಂಡುಬಂತು. ಅದರಲ್ಲೂ ಪಟ್ಟಣದವರಲ್ಲಿ ವ್ಯತ್ಯಾಸ 8 ಇದ್ದರೆ ಹಳ್ಳಿಯವರಲ್ಲಿ 12. ನಮ್ಮ ಚಳಿ ಚೀನದ ಚಳಿಯಷ್ಟು ಕಠಿಣವಲ್ಲ, ನಿಜ. ಆದರೆ ಆ ಅಧ್ಯಯನದಲ್ಲೇ ಕಂಡ ಇನ್ನೊಂದು ಸಂಗತಿ ನಮಗೆ ಪಾಠವಾಗಬೇಕು: ಮನೆಯನ್ನು ಬೆಚ್ಚಗಿಡುವ ವ್ಯವಸ್ಥೆ ಇದ್ದ ಕಡೆ ಹೊರಗಿನ ಚಳಿ ಒತ್ತಡವನ್ನು ಅಷ್ಟಾಗಿ ಏರಿಸಲಿಲ್ಲ. ಕೇಡು ಮಾಡುವುದು ಮೈಗೆ ತಾಗುವ ಚಳಿ. ಮೈ ಬೆಚ್ಚಗಿಟ್ಟುಕೊಂಡರೆ ಅರ್ಧ ಕೆಲಸ ಆದಂತೆಯೇ.

ಇನ್ನು ಮುಖ್ಯ ಮಾತಿಗೆ ಬರೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಮೂವರಿಗೆ ಒಬ್ಬರಿಗಿಂತ ಹೆಚ್ಚು ಜನರಿಗೆ ರಕ್ತದ ಒತ್ತಡವಿದೆ. ಈ ರೋಗ ನೋಯುವುದಿಲ್ಲ, ಕೆಮ್ಮಿಸುವುದಿಲ್ಲ, ಮಲಗಿಸುವುದಿಲ್ಲ. ಆದ್ದರಿಂದಲೇ ಗುಳಿಗೆ ತಪ್ಪುತ್ತದೆ. ತಪ್ಪುವುದು ಯಾವಾಗ? ರಾಶಿಯ ಕಾಲದಲ್ಲಿ. ಕೂಲಿಯವರು ಬಂದಿದ್ದಾರೆ, ಮಷಿನ್ ಇಂದು ಸಿಕ್ಕರೆ ನಾಳೆ ಸಿಗುವುದಿಲ್ಲ, ತೊಗರಿಯ ಧಾರಣೆ ಇಳಿಯುವ ಮೊದಲು ಮಾರಬೇಕು. ಇಷ್ಟರ ನಡುವೆ ಮುಗಿದ ಗುಳಿಗೆ ತರಲು ದವಾಖಾನೆಗೆ ಯಾರು ಹೋಗಬೇಕು? “ಹೇಗೂ ಆರಾಮಿದ್ದೇನೆ, ರಾಶಿ ಮುಗಿಯಲಿ” ಎಂದು ಹದಿನೈದು ದಿನ, ತಿಂಗಳು ಕಳೆದುಹೋಗುತ್ತದೆ. ಚಳಿ ಒತ್ತಡವನ್ನು ಏರಿಸುವ ತಿಂಗಳಿನಲ್ಲೇ, ಮೈಮುರಿಯುವ ದುಡಿತದ ತಿಂಗಳಿನಲ್ಲೇ ಗುಳಿಗೆ ನಿಲ್ಲುತ್ತದೆ. ಇವು ಮೂರೂ ಒಟ್ಟಿಗೆ ಕೂಡುವುದೇ ಅಪಾಯ.

ಆದ್ದರಿಂದ ನಮ್ಮ ಮೊದಲ ಸಲಹೆ ಇದು. ರಾಶಿಗೆ ಚೀಲ, ತಾಡಪತ್ರಿ, ಡೀಸೆಲ್ಲು ಹೊಂದಿಸಿಕೊಳ್ಳುವಾಗಲೇ ಎರಡು ತಿಂಗಳ ಗುಳಿಗೆಯನ್ನೂ ಹೊಂದಿಸಿಕೊಳ್ಳಿರಿ. ನೀವು ಹೋಗಲಾಗದಿದ್ದರೆ ಚೀಟಿ ಕೊಟ್ಟು ಮಗನನ್ನೋ ಸೊಸೆಯನ್ನೋ ಕಳಿಸಿರಿ. ಆಶಾ ಕಾರ್ಯಕರ್ತೆಯನ್ನು ವಿಚಾರಿಸಿರಿ. ಒಂದು ದಿನ ಗುಳಿಗೆ ಮರೆತರೆ ಮರುದಿನ ಎರಡು ನುಂಗಬೇಡಿರಿ. ಎಂದಿನಂತೆ ಒಂದನ್ನೇ ತೆಗೆದುಕೊಳ್ಳಿರಿ. ನೆರೆಯವರ ಗುಳಿಗೆ ನಿಮಗಲ್ಲ, ನಿಮ್ಮದು ಅವರಿಗಲ್ಲ.

ಎರಡನೆಯ ಸಲಹೆ: ವರ್ಷಕ್ಕೆ ಎರಡು ಸಲವಾದರೂ, ಚಳಿ ಬಿದ್ದ ಮೇಲೊಮ್ಮೆ, ಬಿಸಿಲು ಏರಿದ ಮೇಲೊಮ್ಮೆ, ಒತ್ತಡ ಅಳೆಸಿಕೊಳ್ಳಿರಿ. ಮುಂಗಾರಿಗೆ ಬೇರೆ ಲೆಕ್ಕ, ಹಿಂಗಾರಿಗೆ ಬೇರೆ ಲೆಕ್ಕ ಹಾಕುವ ರೈತರಿಗೆ ಇದು ಹೊಸ ಮಾತಲ್ಲ. ಮೇ ತಿಂಗಳಲ್ಲಿ ಸರಿಹೊಂದಿದ್ದ ಗುಳಿಗೆ ಜನವರಿಗೆ ಸಾಲದೆ ಹೋಗಬಹುದು. ಚಳಿಯಲ್ಲಿ ಹೆಚ್ಚಿಸಿದ ಗುಳಿಗೆ ನಮ್ಮ ಬೇಸಿಗೆಯಲ್ಲಿ ಹೆಚ್ಚಾಗಿ, ಬೆವರು ಸುರಿದು, ಎದ್ದು ನಿಂತಾಗ ತಲೆ ತಿರುಗಿ ಬೀಳುವಂತೆಯೂ ಆಗಬಹುದು. ಎರಡನ್ನೂ ಸರಿಪಡಿಸಬೇಕಾದವರು ವೈದ್ಯರು. ಅಳತೆ ಮುಟ್ಟಿಸುವುದು ನಿಮ್ಮ ಕೆಲಸ. ಅಳೆಸುವ ಮೊದಲು ಅರ್ಧ ಗಂಟೆ ಚಹಾ, ಬೀಡಿ ಬೇಡ. ಐದು ನಿಮಿಷ ಸುಮ್ಮನೆ ಕುಳಿತಿರಿ. ಸ್ವೆಟರಿನ ಮೇಲೆ ಪಟ್ಟಿ ಸುತ್ತಿಸಬೇಡಿರಿ, ತೋಳು ಬರಿದಾಗಿರಲಿ. ಮೇಲಿನ ಅಂಕ 140 ಅಥವಾ ಕೆಳಗಿನದು 90, ಇಲ್ಲವೆ ಅದಕ್ಕೂ ಹೆಚ್ಚು ಬಂದರೆ ಇನ್ನೊಂದು ದಿನ ಮತ್ತೆ ನೋಡಿಸಿರಿ. ಆಗಲೂ ಹಾಗೆಯೇ ಬಂದರೆ ತಾತ್ಸಾರ ಮಾಡಬೇಡಿರಿ. 30 ವರ್ಷ ದಾಟಿದವರಿಗೆ ಈ ತಪಾಸಣೆ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ.

ಮೂರನೆಯದಾಗಿ ಅಂಗಡಿಯ ಗುಳಿಗೆಗಳ ಬಗ್ಗೆ ಎಚ್ಚರವಿರಲಿ. ಚೀಲ ಹೊತ್ತು ಸೊಂಟ, ಮೊಣಕಾಲು ನೋಯತೊಡಗಿದರೆ ನೋವಿನ ಗುಳಿಗೆ ನುಂಗುವ ರೂಢಿ ನಮ್ಮಲ್ಲಿದೆ. ಡೈಕ್ಲೋಫಿನ್ಯಾಕ್, ಐಬುಪ್ರೊಫೆನ್ ಜಾತಿಯ ಗುಳಿಗೆಗಳು ದಿನವೂ ಸೇರಿದರೆ ಒತ್ತಡವನ್ನು ಏರಿಸುತ್ತವೆ, ಬಿ.ಪಿ. ಗುಳಿಗೆಯ ಬಲವನ್ನೂ ತಗ್ಗಿಸುತ್ತವೆ, ಮೂತ್ರಪಿಂಡಕ್ಕೂ ಕೆಡುಕು. ಮೂಗು ಕಟ್ಟಿದಾಗ ಕೊಡುವ ನೆಗಡಿ ಗುಳಿಗೆಗಳಲ್ಲಿ ಕೆಲವು ನಾಳಗಳನ್ನು ಇನ್ನಷ್ಟು ಬಿಗಿಸುತ್ತವೆ. “ನನಗೆ ಬಿ.ಪಿ. ಇದೆ” ಎಂದು ಮೊದಲೇ ಹೇಳಿ ಔಷಧ ಕೇಳಿರಿ.

ಉಳಿದವು ಮನೆಯಲ್ಲೇ ಆಗುವ ಕೆಲಸಗಳು. ಹಾಸಿಗೆಯಿಂದ ಎದ್ದೊಡನೆ ಹೊರಗೆ ಓಡಬೇಡಿರಿ. ಕುಳಿತು, ಕಿವಿ ತಲೆ ಮುಚ್ಚಿ, ಕಂಬಳಿ ಹೊದ್ದು ಹೊರಡಿರಿ. ಒಂದು ದಪ್ಪ ಬಟ್ಟೆಗಿಂತ ಎರಡು ಮೂರು ತೆಳು ಬಟ್ಟೆ ಒಂದರ ಮೇಲೊಂದು ಹಾಕಿದರೆ ಹೆಚ್ಚು ಬೆಚ್ಚಗಿರುತ್ತದೆ, ಬಿಸಿಲು ಏರಿದಂತೆ ಒಂದೊಂದಾಗಿ ತೆಗೆಯಲೂ ಬರುತ್ತದೆ. ಕಲ್ಲಿನ ನೆಲದ ಮೇಲೆ ಮಲಗುವವರು ಕೆಳಗೆ ಕೌದಿ ಹಾಸಿಕೊಳ್ಳಿರಿ. ಚೀಲ ಎತ್ತುವ, ಗಾಡಿ ಹೇರುವ ಭಾರದ ಕೆಲಸ ಬಿಸಿಲು ಬಿದ್ದ ಮೇಲಿರಲಿ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡ ಇಟ್ಟು ಮಲಗಬೇಡಿರಿ. ಅದರ ವಿಷಗಾಳಿಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ. ಸೆರೆ ಕುಡಿದರೆ ಚಳಿ ಹೋಗುತ್ತದೆಂಬುದು ಸುಳ್ಳು. ಚರ್ಮ ಬೆಚ್ಚಗಾದಂತೆ ಅನಿಸಿದರೂ ಒಳಗಿನ ಕಾವು ಹೊರಗೆ ಹೋಗುತ್ತಿರುತ್ತದೆ. ಬೀಡಿಯೂ ಅಷ್ಟೆ, ನಾಳ ಬಿಗಿಯುವ ಚಳಿಗೆ ಅದು ಜೊತೆಗಾರ.

ಗಾಣಗಾಪುರದ ಭೀಮಾ ಅಮರ್ಜಾ ಸಂಗಮದಲ್ಲಿ ನಸುಕಿನ ಸ್ನಾನ ಮಾಡುವ ಭಕ್ತರಲ್ಲಿ ವಯಸ್ಸಾದವರು ಬಹಳ. ದತ್ತ ಜಯಂತಿ ಬರುವುದೂ ಮಾರ್ಗಶಿರದ ಹುಣ್ಣಿಮೆಗೆ, ಚಳಿಯ ನಡುವೆ. ಭಕ್ತಿಗೆ ಯಾರೂ ಅಡ್ಡ ಬರಬಾರದು. ಆದರೆ ಬಿ.ಪಿ., ಹೃದಯದ ತೊಂದರೆ ಇರುವ ಹಿರಿಯರು ಬಿಸಿಲು ಬಿದ್ದ ಮೇಲೆ ನದಿಗೆ ಇಳಿಯಲಿ, ಒಮ್ಮೆಗೇ ಮುಳುಗದೆ ಮೊದಲು ಕಾಲು, ಕೈ ತೊಯ್ಸಿಕೊಳ್ಳಲಿ, ಜೊತೆಗೊಬ್ಬರು ಇರಲಿ, ಮಿಂದೊಡನೆ ಒಣಬಟ್ಟೆ ಉಡಲಿ. ಪ್ರೋಕ್ಷಣೆ ಮಾಡಿಕೊಂಡರೂ ಪುಣ್ಯಕ್ಕೆ ಕೊರತೆಯಾಗದೆಂದು ಹಿರಿಯರಿಗೆ ಮನೆಯವರೇ ತಿಳಿಸಿ ಹೇಳಬಹುದು.

ಊಟದ ಮಾತು. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಹೇಳುವ ಉಪ್ಪು 5 ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚ. ನಮ್ಮ ಜೋಳದ ರೊಟ್ಟಿಗೆ ಸಾಮಾನ್ಯವಾಗಿ ಉಪ್ಪು ಬೀಳುವುದಿಲ್ಲ, ಅದು ನಮ್ಮ ಭಾಗ್ಯ. ಉಪ್ಪು ಬರುವುದು ಉಪ್ಪಿನಕಾಯಿ, ಹಿಂಡಿ, ಹಪ್ಪಳ, ಸಂಡಿಗೆ, ಅಂಗಡಿಯ ಚೂಡಾಗಳಿಂದ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಉಣ್ಣುವಾಗ ಕಾಳು, ಸೊಪ್ಪು ಹಾಕಿದ ಭಜ್ಜಿ, ಸಜ್ಜೆ ರೊಟ್ಟಿ ಧಾರಾಳವಾಗಿ ಉಣ್ಣಿರಿ, ಉಪ್ಪಿನಕಾಯಿಗೆ ಮಾತ್ರ ಕೈ ಬಿಗಿಹಿಡಿಯಿರಿ.

ಇಷ್ಟಾದರೂ ಆಪತ್ತು ಬಂದರೆ? ಮುಖ ಒಂದು ಕಡೆ ಸೊಟ್ಟಗಾದರೆ, ಎತ್ತಿದ ಕೈ ಕೆಳಗೆ ಬಿದ್ದರೆ, ಮಾತು ತೊದಲಿದರೆ ಅದು ಲಕ್ವಾ. ನಮ್ಮ ಕಡೆ ಇಂಥವರನ್ನು ಮೊದಲು ನಾಟಿ ಮದ್ದು ಕೊಡುವವರ ಊರಿಗೆ ಒಯ್ಯುತ್ತಾರೆ. ಅಲ್ಲಿಗೇ ಹೊತ್ತು ಮುಗಿಯುತ್ತದೆ. ಮಿದುಳಿನಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದು ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು, ಅದಕ್ಕೂ ಮೊದಲು ಸ್ಕ್ಯಾನ್ ಆಗಬೇಕು. ಆಳಂದ, ಜೇವರ್ಗಿಗಳಿಂದ ಕಲಬುರಗಿ 40 ಕಿಲೋಮೀಟರಿನ ಆಸುಪಾಸು, ಅಫಜಲಪುರದಿಂದ ಇನ್ನೂ ದೂರ. ಆದ್ದರಿಂದ ತಡಮಾಡದೆ 108ಕ್ಕೆ ಫೋನು ಮಾಡಿರಿ. ಬಾಯಿಗೆ ನೀರು, ಚಹಾ, ಗುಳಿಗೆ ಏನನ್ನೂ ಹಾಕಬೇಡಿರಿ. ಒಂದು ಮಗ್ಗುಲಾಗಿ ಮಲಗಿಸಿರಿ. ಎದೆ ಹಿಂಡಿದಂತಾಗಿ ನೋವು ತೋಳಿಗೆ, ದವಡೆಗೆ ಹರಿದು ಬೆವರು ಕಿತ್ತುಕೊಂಡರೆ ಗ್ಯಾಸ್ ಎಂದು ಸೋಡಾ ಕುಡಿಯುತ್ತ ಕೂಡಬೇಡಿರಿ. ತಾಲ್ಲೂಕು ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆದು, ಬೇಕಾದವರಿಗೆ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆ ಇದೆ. ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಆಸ್ಪತ್ರೆ 2024ರ ಡಿಸೆಂಬರಿನಲ್ಲಿ ಉದ್ಘಾಟನೆಯಾಗಿದೆ.

ಸರಕಾರಕ್ಕೂ ಎರಡು ಮಾತು ಹೇಳಬೇಕಾಗಿದೆ. ರಾಶಿಯ ತಿಂಗಳುಗಳಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಬಿ.ಪಿ. ಗುಳಿಗೆಯನ್ನು ಎರಡು ತಿಂಗಳಿಗೆ ಆಗುವಷ್ಟು ಒಮ್ಮೆಗೇ ಕೊಡಲಿ, ದಾಸ್ತಾನು ಮುಗಿಯದಂತೆ ನೋಡಿಕೊಳ್ಳಲಿ. ದಿನದ ಕೂಲಿ ಬಿಟ್ಟು ಬಂದವನನ್ನು ಬರಿಗೈಯಲ್ಲಿ ಕಳಿಸಿದರೆ ಅವನು ಮತ್ತೆ ಬರುವುದಿಲ್ಲ. ಪಂಪ್‌ಸೆಟ್ಟುಗಳಿಗೆ ಹಗಲು ಹೊತ್ತಿನಲ್ಲಿ ಕರೆಂಟು ಕೊಡುವುದು, ಚಳಿಯ ಎರಡು ತಿಂಗಳಾದರೂ, ಬೆಳೆಯ ಪ್ರಶ್ನೆಯಷ್ಟೇ ಅಲ್ಲ, ರೈತನ ಜೀವದ ಪ್ರಶ್ನೆಯೂ ಹೌದು.

ವಾಚನಾಲಯದಲ್ಲಿ ಈ ಪುಟ ಓದುತ್ತಿರುವವರು ಓದು ಬಾರದ ಹಿರಿಯರಿಗೆ ಇದನ್ನು ಓದಿ ಹೇಳಿರಿ. ಮನೆಗೆ ಹೋದೊಡನೆ ಅಪ್ಪನ, ಅವ್ವನ ಗುಳಿಗೆಯ ಡಬ್ಬಿ ತೆರೆದು ಎಷ್ಟು ಉಳಿದಿವೆ ಎಂದು ಎಣಿಸಿರಿ. ರಾಶಿ ಮುಗಿಯುವವರೆಗೆ ಸಾಲದಿದ್ದರೆ ನಾಳೆಯೇ ತಂದುಕೊಡಿರಿ.