ಹೈಡ್ ಪಾರ್ಕನ್ನು ಕೊಟ್ಟವರು ಯಾರು?

ಲಂಡನ್ನಿಗೆ ಹೋಗಿ ಬಂದ ನಮ್ಮವರು ಹೈಡ್ ಪಾರ್ಕನ್ನು ವರ್ಣಿಸುವುದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಎಷ್ಟು ಚೊಕ್ಕಟ, ಎಂಥ ಶಿಸ್ತು, ಒಂದು ಕಾಗದದ ಚೂರಿಲ್ಲ, ಯಾರೂ ಹೂ ಕೀಳುವುದಿಲ್ಲ! ಕೊನೆಗೆ, 'ನಮ್ಮ ಜನ ಯಾವಾಗ ಕಲಿಯುತ್ತಾರೋ' ಎಂಬ ನಿಟ್ಟುಸಿರು. ಮಗಳ ಮನೆಗೆಂದು ಹೋದಾಗ ನಾನೂ ಆ ಪಾರ್ಕನ್ನು ನೋಡಿದೆ. ಚೊಕ್ಕಟವಾಗಿರುವುದು ನಿಜ. ಆದರೆ ಅಲ್ಲಿ ಕಲಿಯಬೇಕಾದ ಪಾಠ ಅದಲ್ಲವೆಂಬುದೇ ನನ್ನ ತಕರಾರು.

ಸುಮಾರು 350 ಎಕರೆಯ ಆ ನೆಲ ಒಂದು ಕಾಲಕ್ಕೆ ವೆಸ್ಟ್‌ಮಿನ್‌ಸ್ಟರ್ ಮಠದ್ದು. 1536ರಲ್ಲಿ ಎಂಟನೇ ಹೆನ್ರಿ ಬೇಟೆಗೆಂದು ಅದನ್ನು ತನ್ನದಾಗಿಸಿಕೊಂಡ. ನೂರು ವರ್ಷ ಕಳೆದು, 1637ರಲ್ಲಿ, ಒಂದನೇ ಚಾರ್ಲ್ಸ್ ಜನರಿಗೆ ಬಾಗಿಲು ತೆರೆದ. 'ರಾಜರು ಪ್ರಜೆಗಳಿಗೆ ಕೊಟ್ಟ ಉದ್ಯಾನ' ಎಂದು ನಮ್ಮ ಜೊತೆಗಿದ್ದವರೊಬ್ಬರು ಭಕ್ತಿಯಿಂದ ಹೇಳಿದರು.

ಕೊಟ್ಟದ್ದು ಗಾಳಿಸೇವನೆಗೆ, ಬಾಯಿ ತೆರೆಯುವುದಕ್ಕಲ್ಲ. ದುಡಿಯುವ ಗಂಡಸರಿಗೂ ಮತದ ಹಕ್ಕು ಬೇಕೆಂದು ರಿಫಾರ್ಮ್ ಲೀಗ್ 1866ರ ಜುಲೈ 23ರಂದು ಅಲ್ಲಿ ಸಭೆ ಕರೆದಾಗ, ಗೇಟು ಮುಚ್ಚಿ ಪೊಲೀಸರನ್ನು ನಿಲ್ಲಿಸಲಾಯಿತು. ಜನ ಕಬ್ಬಿಣದ ಬೇಲಿಯನ್ನೇ ಅಲುಗಿಸಿ ಕೆಡವಿ ಒಳಗೆ ನುಗ್ಗಿದರು. ಮರುವರ್ಷದ ಮೇ 6ರಂದು ನಿಷೇಧವಿದ್ದರೂ ಮತ್ತೆ ಸೇರಿದರು. ಈ ಸಲ ಸರ್ಕಾರ ತಡೆಯಲಿಲ್ಲ. ಗೃಹಮಂತ್ರಿ ರಾಜೀನಾಮೆ ಕೊಡಬೇಕಾಯಿತು. 1872ರ ಪಾರ್ಕುಗಳ ಕಾಯಿದೆಯ ನಂತರ ಈಶಾನ್ಯ ಮೂಲೆ ಭಾಷಣದ ಜಾಗವಾಗಿ ನೆಲೆಗೊಂಡಿತು. ಅದೇ ಸ್ಪೀಕರ್ಸ್ ಕಾರ್ನರ್. 1783ರವರೆಗೆ ಜನರನ್ನು ಬಹಿರಂಗವಾಗಿ ಗಲ್ಲಿಗೇರಿಸುತ್ತಿದ್ದ ಟೈಬರ್ನ್ ಅದರ ಪಕ್ಕದಲ್ಲೇ ಇತ್ತು.

ಹೆಂಗಸರಿಗೆ ಆಗಲೂ ಏನೂ ದಕ್ಕಲಿಲ್ಲ. 1908ರ ಜೂನ್ 21ರ ಭಾನುವಾರ ಅವರು ಏಳು ಮೆರವಣಿಗೆಗಳಲ್ಲಿ ಇದೇ ಪಾರ್ಕಿಗೆ ಬಂದರು. ಇಪ್ಪತ್ತು ವೇದಿಕೆಗಳಿಂದ ಮಾತಾಡಿದರು. ನೆರೆದ ಜನ ಲಕ್ಷಗಟ್ಟಲೆ. ಆದರೂ ಗಂಡಸರಿಗೆ ಸಮನಾದ ಮತ ಸಿಗುವುದಕ್ಕೆ 1928 ಬರಬೇಕಾಯಿತು. ಹೇಳಿ, ಇದರಲ್ಲಿ ಯಾವ ರಾಜ ಏನು ಕೊಟ್ಟ?

ಭಾನುವಾರ ಆ ಮೂಲೆಯಲ್ಲಿ ನಿಂತು ನೋಡಿದೆ. ಸಣ್ಣ ಏಣಿಯ ಮೇಲೆ ನಿಂತು ಒಬ್ಬ ಕೂಗುತ್ತಿದ್ದ, ಕೇಳುವವರು ನಡುನಡುವೆ ಹೀಯಾಳಿಸುತ್ತಿದ್ದರು. ನಮ್ಮವರು ಮೂಗು ಮುರಿದು ಸರ್ಪೆಂಟೈನ್ ಕೆರೆಯ ಕಡೆ ಫೋಟೋ ತೆಗೆಯಲು ಹೋದರು. ಗಲಾಟೆಯಂತೆ! ಆ ಗಲಾಟೆಯಿಂದಲೇ ಆ ಪಾರ್ಕು ಸಾರ್ವಜನಿಕವಾದದ್ದು.

'ಹಾಗಾದರೆ ಮಕ್ಕಳಿಗೆ ಬೇಲಿ ಮುರಿಯುವುದನ್ನು ಕಲಿಸುತ್ತೀರಾ ಟೀಚರ್?' ಎಂದು ಕೇಳಬಹುದು. ಇಲ್ಲ. ಬೇಲಿ ಹಾಕಿದವರು ಯಾರು, ಯಾರನ್ನು ಹೊರಗಿಡಲು ಹಾಕಿದರು ಎಂದು ಕೇಳುವುದನ್ನು ಕಲಿಸುತ್ತೇನೆ. ಅಲ್ಲಿಯೂ ಎಲ್ಲ ಸರಿಯಿದೆಯೆಂದಲ್ಲ. ಬೇಸಿಗೆಯಲ್ಲಿ ಟಿಕೆಟ್ಟಿನ ಸಂಗೀತ ಕಚೇರಿಗಳಿಗೆಂದು ಅದೇ ಹುಲ್ಲಿನ ಒಂದು ಭಾಗಕ್ಕೆ ಬೇಲಿ ಬೀಳುತ್ತದೆ. ಗೆದ್ದ ಹಕ್ಕನ್ನೂ ಕಾಯುತ್ತಲೇ ಇರಬೇಕು.

ಬೆಂಗಳೂರಿನಲ್ಲಿ 2021ರ ಆದೇಶವೊಂದು ಪ್ರತಿಭಟನೆಗಳೆಲ್ಲ ಫ್ರೀಡಂ ಪಾರ್ಕಿನೊಳಗೇ ನಡೆಯಬೇಕೆಂದಿತು. ಆ ಪಾರ್ಕು ಹಿಂದೆ ಸೆಂಟ್ರಲ್ ಜೈಲಾಗಿತ್ತು! ಸಂಚಾರಕ್ಕೆ ತೊಂದರೆಯಾಗಬಾರದೆಂಬ ಕಾರಣ ನನಗೂ ಅರ್ಥವಾಗುತ್ತದೆ. ಆದರೆ ಹೈಡ್ ಪಾರ್ಕಿನ ಶಿಸ್ತನ್ನು ಹಾಡಿ ಹೊಗಳುವ ನಮ್ಮ ವಿದ್ಯಾವಂತರಲ್ಲಿ ಎಷ್ಟು ಜನ ಆ ಆದೇಶದ ಬಗ್ಗೆ ಒಂದು ಪ್ರಶ್ನೆ ಕೇಳಿದರು?

ಹೂ ಕೀಳದ ಪ್ರಜೆಗಳನ್ನು ತಯಾರು ಮಾಡುವುದು ಸುಲಭ, ಒಬ್ಬ ಮಾಲಿ, ಒಂದು ಬೋರ್ಡು ಸಾಕು. ಪ್ರಶ್ನೆ ಕೇಳುವ ಪ್ರಜೆಗಳನ್ನು ತಯಾರು ಮಾಡುವುದು ಶಾಲೆಯ ಕೆಲಸ.