ಹೇಳದೇ ಮಾರಿದ ಕಾರು

ರೇಸಿನ ಟ್ರ್ಯಾಕಿನಲ್ಲಿ ಓಡಿಸಿದ ಕಾರನ್ನು ಮಾರುವವನು ಆ ಸಂಗತಿಯನ್ನು ಕೊಳ್ಳುವವನಿಗೆ ಹೇಳಲೇಬೇಕು. ಅವನು ಕೇಳಲಿ, ಕೇಳದಿರಲಿ, ಹೇಳಬೇಕು. ಇದು ನನ್ನ ಅಭಿಪ್ರಾಯ. ಕಳ್ಳಕವಟಗಿಯಲ್ಲಿ ಕುಳಿತ ಒಬ್ಬ ನಿವೃತ್ತ ಮಾಸ್ತರನಿಗೆ ರೇಸಿನ ಕಾರಿನ ಉಸಾಬರಿ ಏಕೆ ಎಂದು ನನ್ನ ಬಂಧುಗಳು ನಕ್ಕಾರು. ನನ್ನ ಇಬ್ಬರು ಹಳೆಯ ವಿದ್ಯಾರ್ಥಿಗಳು ಇಂಥದೊಂದು ಕಾರಿನ ಕಾರಣದಿಂದ ಎರಡು ತಿಂಗಳಿಂದ ಪರಸ್ಪರ ಮಾತು ಬಿಟ್ಟಿದ್ದಾರೆ. ಇಬ್ಬರೂ ಬೇರೆ ಬೇರೆಯಾಗಿ ನನಗೆ ಫೋನು ಮಾಡಿ, “ಸರ್, ತಪ್ಪು ಯಾರದು, ನೀವ ಹೇಳ್ರಿ” ಎಂದು ಕೇಳಿದ್ದಾರೆ. ಇಬ್ಬರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರುಗಳನ್ನು ಬರೆಯುವುದಿಲ್ಲ, ಗೊತ್ತಾದವರು ಗೊತ್ತಾಗದವರಂತೆ ಇರಬೇಕೆಂದು ವಿನಂತಿ.

‘ಟ್ರ್ಯಾಕ್ ಡೇ’ ಎಂದರೇನೆಂದು ಊರಿನವರಿಗಾಗಿ ಎರಡು ಮಾತು. ರೇಸಿಗೆಂದು ಕಟ್ಟಿದ ರಸ್ತೆಯನ್ನು ಒಂದು ದಿನದ ಮಟ್ಟಿಗೆ ಶುಲ್ಕ ಪಡೆದು ಸಾಮಾನ್ಯ ಜನರಿಗೆ ಬಿಟ್ಟುಕೊಡುತ್ತಾರೆ. ಅಲ್ಲಿ ಸ್ಪರ್ಧೆಯಿಲ್ಲ, ಬಹುಮಾನವಿಲ್ಲ. ತಮ್ಮ ಕಾರನ್ನು ತಾವೇ ವೇಗವಾಗಿ ಓಡಿಸಿ ಸಂತೋಷಪಡುವುದಷ್ಟೇ. ಬೆಂಗಳೂರಿನ ಹುಡುಗರು ಇದಕ್ಕಾಗಿ ಹೆಚ್ಚಾಗಿ ತಮಿಳುನಾಡಿಗೆ ಹೋಗುತ್ತಾರೆ. ಚೆನ್ನೈ ಸಮೀಪದ ಇರುಂಗಾಟ್ಟುಕೋಟೈಯಲ್ಲಿ ಸುಮಾರು 3.7 ಕಿಲೋಮೀಟರ್ ಉದ್ದದ ಟ್ರ್ಯಾಕ್ ಇದೆ. ಕೊಯಮತ್ತೂರಿನ ಬಳಿ 2003ರಲ್ಲಿ ಆರಂಭವಾದ ಕರಿ ಮೋಟರ್ ಸ್ಪೀಡ್‌ವೇ ಇದೆ. ಈ ಎರಡನೆಯದಕ್ಕೆ ಎಸ್. ಕರಿವರ್ಧನ್ ಅವರ ಹೆಸರು. ನಮ್ಮ ಮನೆಗಳಲ್ಲಿ ಓಡುತ್ತಿದ್ದ ಮಾರುತಿ 800ರ 796 ಸಿ.ಸಿ. ಎಂಜಿನ್ನನ್ನೇ ಕೂಡಿಸಿ ಅಗ್ಗದ ರೇಸ್ ಕಾರುಗಳನ್ನು ಕಟ್ಟಿದ ಮನುಷ್ಯ ಅವರು. 1995ರಲ್ಲಿ ಲಘು ವಿಮಾನದ ಅಪಘಾತದಲ್ಲಿ ತೀರಿಕೊಂಡರು. ಹಣವಂತರಲ್ಲದ ಹುಡುಗರೂ ಈ ಆಟಕ್ಕೆ ಇಳಿಯುವಂತಾದುದರಲ್ಲಿ ಅವರ ಪಾಲು ದೊಡ್ಡದು. ಆದುದರಿಂದ ಈ ಹವ್ಯಾಸವನ್ನೇ ಹಳಿಯುವ ಉದ್ದೇಶ ನನಗಿಲ್ಲ. ವಿಜಯಪುರದ ಬೈಪಾಸಿನಲ್ಲಿ ಪ್ರಾಣ ಪಣಕ್ಕಿಟ್ಟು ಓಡಿಸುವುದಕ್ಕಿಂತ ಅದಕ್ಕೆಂದೇ ಇರುವ ಜಾಗದಲ್ಲಿ ಓಡಿಸುವುದು ಎಷ್ಟೋ ಮೇಲು.

ಇನ್ನು ನಡೆದ ಸಂಗತಿ. ಮೊದಲನೆಯವನು ತನ್ನ ಕಾರನ್ನು ಮೂರು ವರ್ಷ ಟ್ರ್ಯಾಕಿನಲ್ಲಿ ಓಡಿಸಿ, ಮದುವೆಯ ನಂತರ ಮಾರಲು ಹೊರಟ. ಎರಡನೆಯವನು ಕೊಂಡ. ತಾನೂ ಟ್ರ್ಯಾಕಿಗೆ ಒಯ್ಯುವವನೆಂದು ಹೇಳಿಯೇ ಕೊಂಡ. ಕೊಳ್ಳುವಾಗ ಅವನು ಕೇಳಿದ್ದು ಇಷ್ಟೇ: “ದೋಸ್ತ, ಎಂಜಿನ್ ಏನರೆ ತ್ರಾಸ ಇದ್ರ ಈಗ ಹೇಳಿಬಿಡು. ನೀ ಸುಮ್ಮನಿದ್ರ ಚಲೋ ಐತಿ ಅಂತ ತಿಳಕೋತೀನಿ.” ಅವನು ನಕ್ಕು ಸುಮ್ಮನಾದ. ಹಿಂದೊಮ್ಮೆ ದೀರ್ಘ ತಿರುವಿನಲ್ಲಿ ಆಯಿಲ್ ದೀಪ ಮಿನುಗಿತ್ತೆಂಬುದು ಅವನಿಗೆ ಗೊತ್ತಿತ್ತು. ಇದನ್ನು ನನಗೆ ಹೇಳಿದವನು ಅವನೇ. ಅಷ್ಟು ಪ್ರಾಮಾಣಿಕತೆ ಅವನಲ್ಲಿದೆ; ಅದು ಮೂರು ತಿಂಗಳು ತಡವಾಗಿ ಬಂತು ಎಂಬುದೇ ನನ್ನ ತಕರಾರು.

ಎರಡನೆಯವನು ಮೊದಲ ಸಲ ಟ್ರ್ಯಾಕಿಗೆ ಒಯ್ದ ದಿನವೇ ಮಧ್ಯಾಹ್ನ ಅದೇ ದೀಪ ಹೊತ್ತಿತು. ಆನಂತರ ಕೆಳಗಿನಿಂದ ಟಕ ಟಕ ಶಬ್ದ. ಅವನು ನಿಲ್ಲಿಸದೆ ಅರ್ಧ ಸುತ್ತು ಓಡಿಸಿಕೊಂಡು ಒಳಗೆ ಬಂದ. ಅಲ್ಲಿ ನಾಲ್ಕು ಜನ ಸೇರಿ “ಇನ್ನೊಮ್ಮೆ ಚಾಲೂ ಮಾಡು ನೋಡೋಣ” ಎಂದರು; ಮಾಡಿದ. ಎರಡು ನಿಮಿಷದಲ್ಲಿ ಎಂಜಿನ್ ಹಿಡಿದುಕೊಂಡು ನಿಂತೇಹೋಯಿತು.

ಹೀಗೇಕಾಗುತ್ತದೆ? ಬರಗಾಲದಲ್ಲಿ ತಿಕೋಟಾ ಭಾಗದ ದ್ರಾಕ್ಷಿ ತೋಟಗಳಿಗೆ ಟ್ಯಾಂಕರಿನಿಂದ ನೀರು ಹೊಡೆದದ್ದನ್ನು ನೀವೆಲ್ಲ ಕಂಡಿದ್ದೀರಿ. ಅರ್ಧ ತುಂಬಿದ ಟ್ಯಾಂಕರು ತಿರುವಿನಲ್ಲಿ ಹೊರಳಿದಾಗ ಒಳಗಿನ ನೀರೆಲ್ಲ ಒಂದು ಮಗ್ಗುಲಿಗೆ ಏರಿ ನಿಲ್ಲುತ್ತದೆ. ಸಾಮಾನ್ಯ ಕಾರಿನ ಎಂಜಿನ್ನಿನ ತಳದಲ್ಲಿ ಆಯಿಲ್ ತುಂಬಿದ ಒಂದು ತಟ್ಟೆಯಿರುತ್ತದೆ. ಅದಕ್ಕೆ ಸಂಪ್ ಎನ್ನುತ್ತಾರೆ. ಪಂಪು ಅಲ್ಲಿಂದ ಒಂದು ಕೊಳವೆಯ ಮೂಲಕ ಆಯಿಲ್ ಎಳೆದು ಮೇಲಕ್ಕೆ ಕಳಿಸುತ್ತದೆ. ಊರ ರಸ್ತೆಯ ತಿರುವು ಕ್ಷಣದಲ್ಲಿ ಮುಗಿಯುತ್ತದೆ. ಟ್ರ್ಯಾಕಿನ ದೀರ್ಘ ತಿರುವು ಹಲವು ಸೆಕೆಂಡು, ಅದೂ ಅತಿವೇಗದಲ್ಲಿ. ಆಗ ಆಯಿಲ್ ಮಗ್ಗುಲಿಗೆ ಸರಿದು ಕೊಳವೆಯ ಬಾಯಿ ಬರಿದಾಗುತ್ತದೆ, ಪಂಪು ಗಾಳಿಯನ್ನು ಎಳೆಯುತ್ತದೆ. ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 100 ಸುತ್ತಾಯಿತು. ಕ್ರ್ಯಾಂಕಿಗೂ ಬೇರಿಂಗಿಗೂ ನಡುವೆ ಇರುವುದು ಕೂದಲೆಳೆಗಿಂತ ತೆಳ್ಳಗಿನ ಆಯಿಲ್ ಪದರ. ಅದು ಒಂದೆರಡು ಸೆಕೆಂಡು ಇಲ್ಲದಿದ್ದರೆ ಲೋಹಕ್ಕೆ ಲೋಹ ತಿಕ್ಕಿ ಬೇರಿಂಗು ಸವೆಯತೊಡಗುತ್ತದೆ. ಅದು ಒಮ್ಮೆಗೇ ಒಡೆಯುವುದಿಲ್ಲ. ಇವತ್ತಿಷ್ಟು, ಮುಂದಿನ ತಿಂಗಳು ಅಷ್ಟು. ಕೊನೆಯ ಹೊಡೆತ ಯಾರ ಕೈಯಲ್ಲಿ ಬೀಳುತ್ತದೋ ಅವನು ಕೆಡಿಸಿದವನೆನಿಸಿಕೊಳ್ಳುತ್ತಾನೆ. ನಿಜವಾದ ರೇಸ್ ಕಾರುಗಳಲ್ಲಿ ಆಯಿಲ್ಲಿಗೆ ಪ್ರತ್ಯೇಕ ಟ್ಯಾಂಕು ಇಡುವುದುಂಟು. ಅಷ್ಟು ಖರ್ಚು ಮಾಡಲಾಗದವರು ಸಂಪಿನೊಳಗೆ ಅಡ್ಡತಟ್ಟೆಗಳನ್ನಾದರೂ ಕೂಡಿಸುತ್ತಾರೆ. ಈ ಕಾರಿನಲ್ಲಿ ಎರಡೂ ಇರಲಿಲ್ಲ.

ಮೊದಲನೆಯವನ ವಾದವೆಂದರೆ, “ಹಳೇ ಗಾಡಿ ಸರ್, ನೋಡಿ ತಗೊಳ್ಳೂದು ಅವನ ಕೆಲಸ.” ಕಾನೂನು ಬಹುಮಟ್ಟಿಗೆ ಇದೇ ಮಾತನ್ನು ಹೇಳುತ್ತದೆ. 1930ರ ಸರಕು ಮಾರಾಟ ಕಾಯ್ದೆಯ 16ನೆಯ ಕಲಮಿನ ಪ್ರಕಾರ, ಕೆಲವು ಸಂದರ್ಭಗಳನ್ನು ಬಿಟ್ಟರೆ, ವಸ್ತುವಿನ ಗುಣಮಟ್ಟಕ್ಕೆ ಮಾರಿದವನು ತಾನಾಗಿ ಹೊಣೆಯಾಗುವುದಿಲ್ಲ. ಆದರೆ 1872ರ ಕರಾರು ಕಾಯ್ದೆಯ 17ನೆಯ ಕಲಮನ್ನೂ ಓದಬೇಕು. ಅಲ್ಲಿ ಒಂದು ಕುದುರೆಯ ಉದಾಹರಣೆಯಿದೆ. ಕುದುರೆಗೆ ದೋಷವಿದೆಯೆಂದು ತಿಳಿದೂ ಮಾರುವವನು ಸುಮ್ಮನಿದ್ದರೆ ಅಷ್ಟರಿಂದಲೇ ಅದು ವಂಚನೆಯಲ್ಲ. ಆದರೆ ಕೊಳ್ಳುವವಳು ಮಾರುವವನ ಸ್ವಂತ ಮಗಳೇ ಆಗಿದ್ದು ಈಗಷ್ಟೇ ಪ್ರಾಯಕ್ಕೆ ಬಂದಿದ್ದರೆ, ಆ ಸಂಬಂಧವೇ ಅವನಿಗೆ ಹೇಳುವ ಕರ್ತವ್ಯವನ್ನು ಹೊರಿಸುತ್ತದೆ. ಇನ್ನು, “ನೀನು ಅಲ್ಲಗಳೆಯದಿದ್ದರೆ ಕುದುರೆ ಸರಿಯಿದೆಯೆಂದು ತಿಳಿಯುತ್ತೇನೆ” ಎಂದು ಕೊಳ್ಳುವವನು ಹೇಳಿದಾಗ ಮಾರುವವನು ಸುಮ್ಮನಿದ್ದರೆ, ಆ ಮೌನ ಮಾತಿಗೆ ಸಮ. ನನ್ನ ವಿದ್ಯಾರ್ಥಿ ಕರಾರು ಕಾಯ್ದೆಯನ್ನು ಓದಿದವನಲ್ಲ. ಆದರೂ ಅವನು ಕೇಳಿದ ಪ್ರಶ್ನೆ ಹೆಚ್ಚುಕಡಿಮೆ ಇದೇ ಆಗಿತ್ತು. ಮೌನಂ ಸಮ್ಮತಿ ಲಕ್ಷಣಂ ಎಂದು ನಾವು ತರಗತಿಯಲ್ಲಿ ಎಷ್ಟು ಸಲ ಹೇಳಿಲ್ಲ!

ಕಾನೂನಿನವರೆಗೆ ಹೋಗಬೇಕಾಗಿಯೂ ಇಲ್ಲ. ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯ ಹೊತ್ತಿಗೆ ವಿಜಯಪುರದಲ್ಲಿ ಕೂಡುವ ದನಗಳ ಜಾತ್ರೆಗೆ ನಮ್ಮ ಹಿರಿಯರು ಹೋಗುತ್ತಿದ್ದರು. ಖಿಲಾರಿ ಎತ್ತಿನ ಹಲ್ಲು ನೋಡಿ, ನಡೆಸಿ, ನೊಗ ಹೂಡಿ ನೋಡಿ ಕೊಳ್ಳುತ್ತಿದ್ದರು. ಬೆಲೆಯನ್ನು ಟವೆಲ್ಲಿನ ಕೆಳಗೆ ಬೆರಳು ಹಿಡಿದು ಗುಟ್ಟಾಗಿ ಮಾತಾಡುತ್ತಿದ್ದರು. ಆದರೆ ಎತ್ತು ಹಾಯುತ್ತದೆ, ಉಳುಮೆಯ ನಡುವೆ ಮಲಗುತ್ತದೆ ಎಂಬುದನ್ನು ಪರಿಚಯದವನಿಗೆ ಮಾರುವಾಗ ಬಚ್ಚಿಟ್ಟವನ ಹೆಸರು ಮುಂದಿನ ವರ್ಷದ ಜಾತ್ರೆಯವರೆಗೆ ಉಳಿಯುತ್ತಿರಲಿಲ್ಲ. ಅಪರಿಚಿತ ದಲಾಲನ ಮಾತು ಬೇರೆ. ಒಂದೇ ಊರಿನವರಾಗಿ, ಒಂದೇ ಹಲಗೆಯ ಮೇಲೆ ಕುಳಿತು ಕಲಿತವರಿಗೆ ‘ನೋಡಿ ತಗೋ’ ಎಂಬ ನಿಯಮ ಹೊಂದುವುದಿಲ್ಲ.

ಹಾಗೆಂದು ಎರಡನೆಯವನು ಪೂರ್ತಿ ನಿರಪರಾಧಿಯಲ್ಲ. ಅದೇ ಕರಾರು ಕಾಯ್ದೆಯ 19ನೆಯ ಕಲಮು, ಸಾಧಾರಣ ಎಚ್ಚರದಿಂದ ಸತ್ಯ ತಿಳಿಯಬಹುದಾಗಿದ್ದರೆ ಮಾರಿದವನ ಮೌನವನ್ನು ಕಾರಣವಾಗಿ ತೋರಿಸಿ ಕರಾರು ಮುರಿಯಲಾಗದು ಎನ್ನುತ್ತದೆ. ಟೈರುಗಳ ಹೊರ ಅಂಚು ಸವೆದದ್ದು ಕಣ್ಣಿಗೆ ಕಾಣುತ್ತಿತ್ತು. ಅವನು ಮೆಕ್ಯಾನಿಕನಿಂದ ಕಂಪ್ರೆಷನ್ ಪರೀಕ್ಷೆ ಮಾಡಿಸಿದ್ದನಂತೆ, ಒಳ್ಳೆಯದೇ. ಆದರೆ ಅದು ಪಿಸ್ಟನ್ ರಿಂಗು, ವಾಲ್ವುಗಳ ಸ್ಥಿತಿಯನ್ನು ಹೇಳುತ್ತದೆಯೇ ಹೊರತು ಬೇರಿಂಗಿನ ಸ್ಥಿತಿಯನ್ನಲ್ಲ. ಎಂಜಿನ್ ಕಾದ ಮೇಲೆ ಆಯಿಲ್ ಒತ್ತಡ ಅಳೆಯಬೇಕಿತ್ತು; ಫಿಲ್ಟರನ್ನು ಕತ್ತರಿಸಿ ಒಳಗೆ ಹೊಳೆಯುವ ಚೂರುಗಳಿವೆಯೇ ನೋಡಬೇಕಿತ್ತು. ಎಲ್ಲಕ್ಕಿಂತ ದೊಡ್ಡ ತಪ್ಪು, ಶಬ್ದ ಬಂದ ಮೇಲೂ ಓಡಿಸಿದ್ದು, ನಿಂತ ಮೇಲೆ ಮತ್ತೆ ಚಾಲೂ ಮಾಡಿದ್ದು. ದೀಪ ಹೊತ್ತಿದ ಕೂಡಲೇ ಬದಿಗೆ ಸರಿದು ಎಂಜಿನ್ ಆರಿಸಿ ಎಳೆಸಿಕೊಂಡು ಬಂದಿದ್ದರೆ ಬಹುಶಃ ಬೇರಿಂಗುಗಳ ಖರ್ಚಿನಲ್ಲಿ ಮುಗಿಯುತ್ತಿತ್ತು. ಈಗ ಕ್ರ್ಯಾಂಕಿನ ಮೇಲೆ ಗೀರು ಬಿದ್ದಿವೆ, ಒಂದು ರಾಡು ಬಾಗಿದೆ. ವಿಮೆಯಿಂದಲೂ ಏನೂ ಬರುವಂತಿಲ್ಲ: ಯಾಂತ್ರಿಕ ಕೆಡುಕು ಸಾಮಾನ್ಯ ಪಾಲಿಸಿಯ ಹೊರಗೆ, ರೇಸು ಮತ್ತು ವೇಗಪರೀಕ್ಷೆಯ ಬಳಕೆಯಂತೂ ಸ್ಪಷ್ಟವಾಗಿ ಹೊರಗೆ.

ನನ್ನ ತೀರ್ಪು ಕೇಳಿದಿರಲ್ಲ, ಹೇಳುತ್ತೇನೆ. ಬೇರಿಂಗು, ಆಯಿಲ್ ಪಂಪು, ಎಂಜಿನ್ ಬಿಚ್ಚಿ ಕೂಡಿಸುವ ಮಜೂರಿ ಮಾರಿದವನದು. ಕ್ರ್ಯಾಂಕ್ ಗ್ರೈಂಡಿಂಗ್ ಮತ್ತು ಹೊಸ ರಾಡು ಕೊಂಡವನದು. 0.25 ಮಿಲಿಮೀಟರ್ ತಿಕ್ಕಿಸಿ, ಅದಕ್ಕೆ ತಕ್ಕ ದಪ್ಪನೆಯ ಬೇರಿಂಗು ಹಾಕಿಸಿದರೆ ಕ್ರ್ಯಾಂಕು ಉಳಿಯುವುದೆಂದು ಬಿಚ್ಚಿ ನೋಡಿದ ಮೆಕ್ಯಾನಿಕ ಹೇಳಿದ್ದಾನೆ. ಆಯಿಲ್ ಕೂಲರನ್ನು ಮಾತ್ರ ತೊಳೆದು ಮತ್ತೆ ಕೂಡಿಸಬೇಡಿ. ಅದರ ಸಂದುಗಳಲ್ಲಿ ಸಿಕ್ಕ ಲೋಹದ ಚೂರು ಹೊಸ ಬೇರಿಂಗನ್ನೂ ತಿಂದುಹಾಕುತ್ತದೆ. ಅದರ ಖರ್ಚು ಅರ್ಧರ್ಧ. ಗುಜರಿಯಿಂದ ಹಳೆಯ ಎಂಜಿನ್ ತಂದು ಕೂಡಿಸುವ ಆಲೋಚನೆ ನನಗೆ ಒಪ್ಪಿಗೆಯಿಲ್ಲ. ಅದರ ಪೂರ್ವಚರಿತ್ರೆಯನ್ನು ನಿಮಗೆ ಹೇಳುವವರು ಯಾರು? ಆದರೂ ಹಾಗೆಯೇ ಮಾಡುವುದಾದರೆ ಆರ್.ಸಿ. ಪುಸ್ತಕದಲ್ಲಿ ಎಂಜಿನ್ ನಂಬರು ಬದಲಾಗಬೇಕೆಂಬುದನ್ನು ಮರೆಯಬೇಡಿ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ನೋಡಿಕೊಂಡು ಆರ್.ಟಿ.ಓ. ಕಚೇರಿಗೆ ಹೋಗಿಬನ್ನಿ.

ಸಂಪಿನೊಳಗೆ ಅಡ್ಡತಟ್ಟೆ ಕೂಡಿಸುವ ಖರ್ಚನ್ನು ಯಾರ ಲೆಕ್ಕಕ್ಕೆ ಹಚ್ಚಬೇಕೆಂದು ನಾನು ಹೇಳುವುದಿಲ್ಲ. ಅದಕ್ಕಾಗಿ ಇಬ್ಬರೂ ಒಬ್ಬರಿಗೊಬ್ಬರು ಫೋನು ಮಾಡಿಕೊಳ್ಳಿರಿ.