ಒಂಟಿ ಗಾಲಿಗೆ ಕೈ ಹಾಕುವ ಮುನ್ನ

ವಿಜಯಪುರ ನಗರದಿಂದ ಪಶ್ಚಿಮಕ್ಕೆ ಹೊರಟರೆ ತಿಕೋಟಾ, ನೈಋತ್ಯಕ್ಕೆ ಹೊರಟರೆ ಬಬಲೇಶ್ವರ. ಈಚಿನ ವರ್ಷಗಳಲ್ಲಿ ತಾಲ್ಲೂಕು ಕೇಂದ್ರಗಳಾದ ಈ ಎರಡು ಊರುಗಳೂ ನಗರದಿಂದ ಇಪ್ಪತ್ತು-ಇಪ್ಪತ್ತೈದು ಕಿಲೋಮೀಟರಿನ ಆಸುಪಾಸಿನಲ್ಲಿವೆ. ದಾರಿಯುದ್ದಕ್ಕೂ ಎರೆಹೊಲ, ಜೋಳ, ದ್ರಾಕ್ಷಿಯ ಚಪ್ಪರ. ಸಣ್ಣಪುಟ್ಟ ಏರು ತಗ್ಗುಗಳನ್ನು ಬಿಟ್ಟರೆ ಮಲೆನಾಡಿನವರು ಘಾಟಿ ಎಂದು ಕರೆಯಬಹುದಾದದ್ದು ಒಂದೂ ಇಲ್ಲ. ಬಸ್ಸು ತಪ್ಪಿದರೆ ಟಂಟಂ, ಅದೂ ತುಂಬಿದ್ದರೆ ಪೆಟ್ರೋಲಿನ ಮೋಟಾರುಬೈಕು. ಇಂಥ ಸಪಾಟು ದಾರಿಯಲ್ಲಿ ದಿನವೂ ಕಾಲೇಜಿಗೆ ಓಡಾಡುವ ವಿದ್ಯಾರ್ಥಿಯ ತಲೆಯಲ್ಲಿ ವಿದ್ಯುತ್ ವಾಹನದ ಯೋಚನೆ ಹುಟ್ಟುವುದು ಸಹಜ. ಕೊಳ್ಳಲು ಹಣ ಸಾಲದಿದ್ದಾಗ ತಾನೇ ಕೈಯಾರೆ ಮಾಡಿಕೊಳ್ಳುವ, ಇಲ್ಲವೇ ಇದ್ದದ್ದನ್ನು ಬದಲಿಸಿಕೊಳ್ಳುವ ಯೋಚನೆ ಹುಟ್ಟುವುದು ಇನ್ನೂ ಸಹಜ.

ಹೀಗೆ ಜನ ಕೈಯಾಡಿಸುತ್ತಿರುವ ಯಂತ್ರಗಳಲ್ಲಿ ಅತ್ಯಂತ ವಿಚಿತ್ರವಾದದ್ದು ವಿದ್ಯುತ್ ಏಕಚಕ್ರ. ಇರುವುದು ಒಂದೇ ಗಾಲಿ. ಅದರ ಎರಡೂ ಪಕ್ಕಗಳಲ್ಲಿ ಪಾದವಿಡಲು ಎರಡು ಹಲಗೆ, ಗಾಲಿಯ ಗುಂಬದಲ್ಲೇ ಮೋಟಾರು, ಮೇಲಿನ ಕವಚದೊಳಗೆ ಬ್ಯಾಟರಿ ಮತ್ತು ನಿಯಂತ್ರಕ. ಹ್ಯಾಂಡಲ್ ಇಲ್ಲ, ಬ್ರೇಕಿನ ಹಿಡಿಯೂ ಇಲ್ಲ. ಸವಾರ ಮುಂದಕ್ಕೆ ಬಾಗಿದರೆ ಗಾಲಿ ಮುಂದೋಡುತ್ತದೆ, ಹಿಂದಕ್ಕೆ ವಾಲಿದರೆ ನಿಧಾನಿಸುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ನೆಲೆಸಿದ ಶೇನ್ ಚೆನ್ ಎಂಬ ಸಂಶೋಧಕ 2011ರ ಸುಮಾರಿಗೆ ಸೋಲೋವೀಲ್ ಎಂಬ ಹೆಸರಿನಲ್ಲಿ ಇದನ್ನು ಮಾರುಕಟ್ಟೆಗೆ ತಂದ ಮೇಲೆ ಚೀನಾದ ಕಾರ್ಖಾನೆಗಳು ಇದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದವು. ಗೋಳಗುಮ್ಮಟದ ಎದುರಿನ ಬೀದಿಯಲ್ಲಿ ಟಾಂಗಾದ ಪಕ್ಕ ಇದು ಓಡುವುದು ಇನ್ನೂ ಅಪರೂಪದ ನೋಟವೇ. ಆದರೆ ಸೈಕಲ್ಲಿನ ಗಾಲಿಗೆ ಮೋಟಾರು ಕಟ್ಟುವವರೂ ಹಳೆಯ ವಿದ್ಯುತ್ ಸ್ಕೂಟರಿನ ಬ್ಯಾಟರಿ ಬದಲಿಸುವವರೂ ಎದುರಿಸುವ ಪ್ರಶ್ನೆಗಳೆಲ್ಲ ಈ ಒಂಟಿ ಗಾಲಿಯಲ್ಲಿ ಮರೆಯಿಲ್ಲದೆ ಕಾಣಿಸಿಕೊಳ್ಳುವುದರಿಂದ ಇದನ್ನೇ ಎದುರಿಗಿಟ್ಟುಕೊಂಡು ಮಾತಾಡುವುದು ಒಳಿತು.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಪಾನಾ ಹಿಡಿದು ಯಂತ್ರ ಬಿಚ್ಚುವ ಕೈಯನ್ನು ಹಳಿಯುವುದು ಪರಿಸರದ ಕಾಳಜಿಯುಳ್ಳವರ ಕೆಲಸವಲ್ಲ. ಮರದ ಗಾಲಿಯ ಎತ್ತಿನ ಬಂಡಿಗೆ ಹಳೆಯ ಮೋಟಾರಿನ ಟೈರು ಜೋಡಿಸಿ ಎತ್ತುಗಳ ಹೊರೆ ಇಳಿಸಿದವರು ಊರಿನ ಬಡಗಿ ಕಮ್ಮಾರರೇ. 2019ರಲ್ಲಿ ಬಂಟ್ವಾಳ ತಾಲ್ಲೂಕಿನ ಸಜಿಪಮೂಡದ ಕೃಷಿಕ ಗಣಪತಿ ಭಟ್ಟರು ಅಡಿಕೆ ಮರ ಏರುವ ಯಂತ್ರವನ್ನು ತೋರಿಸಿದಾಗ ಘಟ್ಟದ ಮೇಲಿನವರೂ ಕೆಳಗಿನವರೂ ಬೆರಗಾಗಿ ನೋಡಿದರು. ಅದೂ ಒಬ್ಬನೇ ಕುಳಿತು ಸಾಗುವ ಸಣ್ಣ ಯಂತ್ರ. ಅದು ಮನುಷ್ಯನನ್ನು ಎಷ್ಟು ಬೇಗ ಮೇಲಕ್ಕೊಯ್ಯುತ್ತದೆ ಎಂಬುದು ಎಲ್ಲರ ಕಣ್ಣಿಗೂ ಬಿತ್ತು. ಆದರೆ ಅದಕ್ಕೆ ಬ್ರೇಕು ಮತ್ತು ಸೀಟಿನ ಬೆಲ್ಟು ಇದ್ದದ್ದನ್ನು ಗಮನಿಸಿದವರು ಕಡಿಮೆ. ರಿಪೇರಿಯಾದ ವಸ್ತು ಗುಂಡಿ ಸೇರುವುದಿಲ್ಲ. ಕೆಟ್ಟೊಡನೆ ಎಸೆದು ಹೊಸದನ್ನು ಕೊಳ್ಳಿ ಎಂದು ಕಂಪನಿಗಳು ಹೇಳುತ್ತಿರುವ ಕಾಲದಲ್ಲಿ ಬಿಚ್ಚಿ ನೋಡುವ ಹಟವೇ ಒಂದು ಬಗೆಯ ಪ್ರತಿಭಟನೆ.

ಪ್ರಶ್ನೆ ಇರುವುದು ಬಿಚ್ಚಬೇಕೇ ಬೇಡವೇ ಎಂಬುದರಲ್ಲಲ್ಲ, ಯಾವುದನ್ನು ಬಿಚ್ಚಬೇಕು ಎಂಬುದರಲ್ಲಿ. ಏಕಚಕ್ರ ಕೊಂಡವರು ಮೊದಲು ಕಣ್ಣು ಹಾಕುವುದು ಬ್ಯಾಟರಿಯ ಮೇಲೆ. ಅದಕ್ಕೆ ಕಾರಣ ಸರಳವಾದ ಲೆಕ್ಕ. ಈ ಯಂತ್ರ ಒಂದು ಕಿಲೋಮೀಟರು ಸಾಗಲು ಸವಾರನ ತೂಕ, ವೇಗಗಳಿಗೆ ಅನುಗುಣವಾಗಿ ಹದಿನೈದರಿಂದ ಇಪ್ಪತ್ತೈದು ವಾಟ್-ಗಂಟೆಯಷ್ಟು ವಿದ್ಯುತ್ತನ್ನು ಬಳಸುತ್ತದೆ. ತಿಕೋಟಾದಿಂದ ನಗರಕ್ಕೆ ಹೋಗಿ ಮರಳಲು ನಲವತ್ತು ಕಿಲೋಮೀಟರು ಎಂದಿಟ್ಟುಕೊಂಡರೂ ಸುಮಾರು 800 ವಾಟ್-ಗಂಟೆ ಬೇಕು. ಒಂದು ಯೂನಿಟ್ಟಿಗಿಂತ ಕಡಿಮೆ ಕರೆಂಟಿನಲ್ಲಿ ದಿನದ ಓಡಾಟವೇ ಮುಗಿಯುತ್ತದೆಂಬುದು ಆಕರ್ಷಕವೇ. ಆದರೆ ಅಗ್ಗದ ಏಕಚಕ್ರಗಳ ಬ್ಯಾಟರಿಯಲ್ಲಿ ಅಷ್ಟು ಸಂಗ್ರಹ ಇರುವುದಿಲ್ಲ. 18 ಮಿಲಿಮೀಟರು ದಪ್ಪ, 65 ಮಿಲಿಮೀಟರು ಉದ್ದದ ಒಂದು ಲಿಥಿಯಂ ಕೋಶದಲ್ಲಿ ಹಿಡಿಯುವುದು ಹತ್ತು-ಹನ್ನೆರಡು ವಾಟ್-ಗಂಟೆ ಮಾತ್ರ. ಹೀಗಾಗಿ ಹಳೆಯ ಲ್ಯಾಪ್‌ಟಾಪಿನಿಂದ ಕಿತ್ತ ಕೋಶಗಳನ್ನೋ ಅಗ್ಗಕ್ಕೆ ಸಿಕ್ಕ ಹೆಸರಿಲ್ಲದ ಕೋಶಗಳನ್ನೋ ಸೇರಿಸಿ ಬೆಸುಗೆ ಹಾಕಿ ಎರಡನೆಯ ಬ್ಯಾಟರಿ ಕಟ್ಟುವ ಆಸೆ ಹುಟ್ಟುತ್ತದೆ.

ಸೈಕಲ್ಲಿನಲ್ಲಿ ಬ್ಯಾಟರಿ ಸೋತರೆ ಪೆಡಲು ತುಳಿಯಬಹುದು. ಸ್ಕೂಟರಿನಲ್ಲಿ ಸೋತರೆ ದಬ್ಬಿಕೊಂಡು ಮನೆ ಸೇರಬಹುದು. ಏಕಚಕ್ರದಲ್ಲಿ ಬ್ಯಾಟರಿ ಬರೀ ಇಂಧನವಲ್ಲ, ಅದೇ ಸವಾರನ ಸಮತೋಲ. ಮನುಷ್ಯ ಮುಂದೆ ಬಾಗಿದಷ್ಟೂ ಬೀಳದಂತೆ ತಡೆಯಲು ಗಾಲಿ ಅವನ ಕೆಳಗೆ ಓಡಿಬರಬೇಕು. ಹಾಗೆ ಓಡಿಬರಲು ಮೋಟಾರಿನಲ್ಲಿ ಯಾವಾಗಲೂ ಸ್ವಲ್ಪ ಬಲ ಮಿಕ್ಕಿರಬೇಕು. ವೇಗ ಏರಿದಂತೆ ಆ ಮಿಕ್ಕ ಬಲ ಕುಗ್ಗುತ್ತದೆ, ಬ್ಯಾಟರಿಯ ವೋಲ್ಟೇಜು ಇಳಿದಂತೆ ಮತ್ತಷ್ಟು ಕುಗ್ಗುತ್ತದೆ. ಬೆಳಿಗ್ಗೆ ಪೂರ್ತಿ ತುಂಬಿದಾಗ ನಿರಾತಂಕವಾಗಿ ಓಡಿದ ವೇಗವೇ ಸಂಜೆ ಕಾಲು ಭಾಗ ಉಳಿದಾಗ ಬೀಳಿಸಬಲ್ಲದು. ಅದರ ಜೊತೆಗೆ ಬಯಲುಸೀಮೆಯ ಆಷಾಢದ ಗಾಳಿಯನ್ನು ಸೇರಿಸಬೇಕು. ತಿಕೋಟಾದ ಕಡೆಗೆ ಪಶ್ಚಿಮಾಭಿಮುಖವಾಗಿ ಹೋಗುವವನ ಎದೆಗೆ ಆ ಗಾಳಿ ನೇರವಾಗಿ ಬಡಿಯುತ್ತದೆ, ಅದನ್ನು ತಳ್ಳಲು ಅವನು ಇನ್ನಷ್ಟು ಬಾಗುತ್ತಾನೆ. ಮೋಟಾರು ಕೈಬಿಟ್ಟ ಕ್ಷಣದಲ್ಲಿ ಮುಖವೇ ನೆಲಕ್ಕೆ. ಅತಿಯಾದಾಗ ಯಂತ್ರವೇ ಪಾದದ ಹಲಗೆಯನ್ನು ಹಿಂದಕ್ಕೆ ಓರೆಮಾಡಿ, ಶಬ್ದ ಮಾಡಿ ಎಚ್ಚರಿಸುವ ವ್ಯವಸ್ಥೆ ಇರುತ್ತದೆ. ಕೆಲವರು ಕಿರಿಕಿರಿಯೆಂದು ಮೊದಲು ಕಿತ್ತುಹಾಕುವುದು ಅದನ್ನೇ.

ಕೋಶಗಳ ವಿಷಯ ಇನ್ನೂ ಗಂಭೀರ. ಪ್ರತಿ ಕೋಶವೂ 4.2 ವೋಲ್ಟಿಗೆ ಮೀರಿ ತುಂಬಬಾರದು, ಒಂದು ಮಟ್ಟಕ್ಕಿಂತ ಕೆಳಗೆ ಖಾಲಿಯೂ ಆಗಬಾರದು. ಇಪ್ಪತ್ತು ಕೋಶಗಳು ಸಾಲಾಗಿ ನಿಂತಾಗ ಒಟ್ಟು ವೋಲ್ಟೇಜು 84. ಅದರಲ್ಲಿ ಒಂದು ಮುದಿ ಕೋಶ ಸೇರಿದರೂ ಸಾಕು, ಉಳಿದವು ತುಂಬುವಷ್ಟರಲ್ಲಿ ಅದು ಮಿತಿ ಮೀರುತ್ತದೆ. ಇದನ್ನು ಕಾಯಲೆಂದೇ ಬಿ.ಎಂ.ಎಸ್. ಎಂಬ ರಕ್ಷಕ ಸರ್ಕಿಟ್ಟು ಇರುವುದು. ಹೆಚ್ಚು ಕರೆಂಟು ಸಿಗಲೆಂದು ಅದನ್ನೇ ಬದಿಗೊತ್ತಿ ತಂತಿ ಎಳೆಯುವುದೆಂದರೆ ಕಾವಲುಗಾರನನ್ನು ಮನೆಗೆ ಕಳಿಸಿ ಬಾಗಿಲು ತೆರೆದಿಟ್ಟಂತೆ. 2022ರ ಮಾರ್ಚ್‌ನಲ್ಲಿ ತಮಿಳುನಾಡಿನ ವೆಲ್ಲೂರಿನಲ್ಲಿ ಮನೆಯೊಳಗೆ ರಾತ್ರಿ ಚಾರ್ಜಿಗೆ ಹಾಕಿದ್ದ ವಿದ್ಯುತ್ ಸ್ಕೂಟರು ಹೊತ್ತಿಕೊಂಡು ತಂದೆ ಮತ್ತು ಮಗಳು ಹೊಗೆಯಲ್ಲಿ ಉಸಿರುಗಟ್ಟಿ ಸತ್ತರು. ಅದು ಕಾರ್ಖಾನೆಯಲ್ಲಿ ತಯಾರಾದ ವಾಹನ. ಆ ಬೇಸಿಗೆಯ ಸರಣಿ ಬೆಂಕಿಗಳ ನಂತರವೇ ಕೇಂದ್ರ ಸರ್ಕಾರ ಬ್ಯಾಟರಿಯ ಸುರಕ್ಷಾ ಮಾನದಂಡಗಳನ್ನು ಬಿಗಿಗೊಳಿಸಿ 2022ರ ಡಿಸೆಂಬರ್ ಮತ್ತು 2023ರ ಮಾರ್ಚ್‌ನಲ್ಲಿ ಎರಡು ಹಂತಗಳಾಗಿ ಜಾರಿಗೆ ತಂದದ್ದು. ಪರೀಕ್ಷೆಗೆ ಒಳಗಾದ ಬ್ಯಾಟರಿಯ ಗತಿಯೇ ಹೀಗಾದರೆ ಅಡಿಗೆಮನೆಯ ಕಟ್ಟೆಯ ಮೇಲೆ ಬೆಸೆದ ಬ್ಯಾಟರಿಯ ಮಾತೇನು? ವಿಜಯಪುರದ ಬೇಸಿಗೆ ನಲವತ್ತು ಡಿಗ್ರಿ ದಾಟುತ್ತದೆ. ಸಾಮಾನ್ಯ ಲಿಥಿಯಂ ಕೋಶಗಳನ್ನು ಚಾರ್ಜು ಮಾಡುವ ಮೇಲ್ಮಿತಿ ನಲವತ್ತೈದು. ಬಿಸಿಲಿನಲ್ಲಿ ಓಡಿ ಬಂದ ಗಾಲಿಯನ್ನು ತಗಡಿನ ಚಾವಣಿಯ ಕೆಳಗೆ ಆಗಿಂದಾಗಲೇ ಚಾರ್ಜಿಗೆ ಹಾಕಿದರೆ ಆ ಐದು ಡಿಗ್ರಿಯ ಅಂತರವೂ ಉಳಿಯದು.

ನಗರದ ಶೇರ್ಝಾ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪಿದೆ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು. ಅದರ ಪಕ್ಕದಲ್ಲೊಂದು ನೀರಿನ ತೊಟ್ಟಿ. ಬತ್ತಿ ಹಚ್ಚಿದ ಗೋಲಂದಾಜ ಸದ್ದಿನಿಂದ ಕಿವಿ ಉಳಿಸಿಕೊಳ್ಳಲು ಆ ತೊಟ್ಟಿಯಲ್ಲಿ ಮುಳುಗುತ್ತಿದ್ದನೆಂದು ಊರಿನವರು ಹೇಳುತ್ತಾರೆ. ಕಥೆ ನಿಜವಿರಲಿ ಬಿಡಲಿ, ಬೆಂಕಿ ಹಚ್ಚುವ ಮುನ್ನ ತೊಟ್ಟಿ ಕಟ್ಟುವ ಬುದ್ಧಿ ಅದರಲ್ಲಿದೆ. ಲಿಥಿಯಂ ಬ್ಯಾಟರಿಗೆ ಬೆಂಕಿ ತಗುಲಿದರೆ ಮೊದಲು ಮನೆಯ ಮೇನ್ ಸ್ವಿಚ್ ಆರಿಸಬೇಕು, ಜನ ಹೊರಗೆ ಬರಬೇಕು, ಅಗ್ನಿಶಾಮಕ ದಳವನ್ನು ಕರೆಯಬೇಕು. ಅದನ್ನು ತಣಿಸಲು ಬೇಕಾದದ್ದು ಹೇರಳವಾದ ನೀರು, ಒಂದೆರಡು ತಂಬಿಗೆಯಲ್ಲ. ಅದರ ಹೊಗೆ ವಿಷ. ಮಲಗುವ ಕೋಣೆಯಲ್ಲಿ, ಹೊರಬಾಗಿಲಿನ ಅಡ್ಡಕ್ಕೆ ಚಾರ್ಜಿಗೆ ಹಾಕುವ ಅಭ್ಯಾಸ ನಿಲ್ಲಬೇಕಾದದ್ದು ಈ ಕಾರಣಕ್ಕೆ.

ಹಾಗಾದರೆ ಕೈಗೆ ಉಳಿದದ್ದೇನು? ಬೇಕಾದಷ್ಟಿದೆ. ಡೋಣಿ ತೀರದ ಎರೆಮಣ್ಣು ಒಂದು ಮಳೆಗೆ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಅಂಟಾಗಿ ತುಂಬಿ ಚಕ್ರವನ್ನೇ ಹಿಡಿದು ನಿಲ್ಲಿಸುತ್ತದೆಂಬುದು ಆ ನಾಡಿನ ಸೈಕಲ್ ಸವಾರರೆಲ್ಲರ ಅನುಭವ. ಚೀನಾದ ನುಣುಪು ರಸ್ತೆಗೆಂದು ಮಾಡಿದ ಕವಚದಲ್ಲಿ ಆ ಸಂದು ತೀರ ಕಿರಿದು. ಅದನ್ನು ಅಗಲಿಸಿ, ಹಳೆಯ ಟ್ಯೂಬಿನ ರಬ್ಬರಿನಿಂದ ಮಡ್‌ಗಾರ್ಡು ಮಾಡಿಕೊಳ್ಳುವುದು ಉಪಯುಕ್ತವೂ ನಿರಪಾಯವೂ ಆದ ಮಾರ್ಪಾಡು. ಕಬ್ಬಿನ ಟ್ರ್ಯಾಕ್ಟರುಗಳು ಓಡುವ ದಾರಿಯಲ್ಲಿ ಹಿಂದೆ ಕೆಂಪು ದೀಪ, ಪ್ರತಿಫಲಕ, ಒಂದು ಗಟ್ಟಿ ಹಾರನ್ನು ಅಗತ್ಯ. ಮೊಣಕಾಲಿಗೆ ಆಸರೆಯಾಗುವ ಮೆತ್ತೆ, ಜಾರದ ಹಲಗೆ, ಬ್ಯಾಗು ಕಟ್ಟುವ ಕೊಕ್ಕೆ, ಉಬ್ಬುಗುಂಡಿಗೆ ತಕ್ಕ ಟೈರು, ಇವನ್ನೆಲ್ಲ ಊರಿನ ವೆಲ್ಡಿಂಗ್ ಅಂಗಡಿ ಮತ್ತು ಪಂಚರ್ ಅಂಗಡಿಗಳಲ್ಲೇ ಮಾಡಿಸಬಹುದು. ಒಂದೇ ಎಚ್ಚರ: ಬ್ಯಾಟರಿ ಇರುವ ಕಡೆ ಮೊಳೆ, ಡ್ರಿಲ್ಲು ತಾಗಬಾರದು, ಕವಚಕ್ಕೆ ಕೊರೆದ ಪ್ರತಿ ತೂತೂ ನೀರಿಗೆ ದಾರಿ.

ಮಲೆನಾಡಿನ ವಿದ್ಯಾರ್ಥಿಗಳು ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಬಯಲಿನಲ್ಲಿ ಪಳಗಿದ ಗಾಲಿಯನ್ನು ಘಟ್ಟಕ್ಕೆ ತಂದರೆ ಅಪಾಯದ ಮುಖ ತಿರುಗಿ ನಿಲ್ಲುತ್ತದೆ. ಏಕಚಕ್ರ ಇಳಿಜಾರಿನಲ್ಲಿ ವೇಗ ತಗ್ಗಿಸುವಾಗ ಮೋಟಾರೇ ಜನರೇಟರಿನಂತೆ ವರ್ತಿಸಿ ವಿದ್ಯುತ್ತನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ. ಕೊಟ್ಟಿಗೆಹಾರದಲ್ಲಿ ಪೂರ್ತಿ ಚಾರ್ಜು ಮಾಡಿಕೊಂಡು ಚಾರ್ಮಾಡಿ ಇಳಿಯತೊಡಗಿದರೆ ಆ ವಿದ್ಯುತ್ತಿಗೆ ಹೋಗಲು ಜಾಗವೇ ಇರುವುದಿಲ್ಲ. ವೋಲ್ಟೇಜು ಮಿತಿ ಮೀರಿ ಯಂತ್ರ ನಿಂತುಬಿಡಬಹುದು, ಮತ್ತು ಈ ಗಾಲಿಗೆ ಬೇರೆ ಬ್ರೇಕಿಲ್ಲ. ಘಟ್ಟ ಇಳಿಯುವವನು ಬ್ಯಾಟರಿಯಲ್ಲಿ ಖಾಲಿ ಜಾಗ ಉಳಿಸಿಕೊಂಡೇ ಹೊರಡಬೇಕು. ಬಯಲಿನವರಿಗೆ ಖಾಲಿ ಬ್ಯಾಟರಿಯ ಭಯ, ಘಟ್ಟದವರಿಗೆ ತುಂಬಿದ ಬ್ಯಾಟರಿಯ ಭಯ!

ಕಾನೂನಿನ ವಿಚಾರ ಚಿಕ್ಕದು. ಮೋಟಾರಿನ ಶಕ್ತಿ 250 ವಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ ಇರುವ ವಿದ್ಯುತ್ ದ್ವಿಚಕ್ರಗಳಿಗೆ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ವಿನಾಯಿತಿ ಇದೆ. ಬಲವಾದ ಏಕಚಕ್ರಗಳು ಈ ಎರಡೂ ಅಂಕೆಗಳನ್ನು ಎಂದೋ ದಾಟಿವೆ. ವಿನಾಯಿತಿಯ ಸ್ಕೂಟರು ಕೊಂಡು ವೇಗಮಿತಿಯ ತಂತಿ ಕತ್ತರಿಸುವವರೂ ಅದೇ ಗೆರೆಯ ಆಚೆಗೆ ಹೋಗುತ್ತಾರೆ, ಅಪಘಾತವಾದ ದಿನ ವಿಮೆಯೂ ಇಲ್ಲ, ವಾದವೂ ಇಲ್ಲ. ನೋಂದಾಯಿತ ವಾಹನವನ್ನು ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ಮಾರ್ಪಡಿಸಬಾರದೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿದೆ. ಇದು ಸರಿಯೇ. ಆದರೆ ನಿಷೇಧದಿಂದಷ್ಟೇ ಕೈಗಳು ಸುಮ್ಮನಾಗುವುದಿಲ್ಲ. ವಿಜಯಪುರದಲ್ಲಿ ಎಂಜಿನಿಯರಿಂಗ್ ಕಾಲೇಜಿದೆ, ಐ.ಟಿ.ಐ.ಗಳಿವೆ. ತಿಂಗಳಿಗೊಂದು ದಿನ ಅಲ್ಲಿನ ಕಾರ್ಯಾಗಾರದ ಬಾಗಿಲನ್ನು ಹೊರಗಿನ ಹುಡುಗ ಹುಡುಗಿಯರಿಗೂ ತೆರೆದು, ಕೋಶ ಅಳೆಯುವುದನ್ನು, ಬೆಸುಗೆಯನ್ನು, ಫ್ಯೂಸು ಹಾಕುವುದನ್ನು ಬಲ್ಲವರ ಕಣ್ಣೆದುರು ಕಲಿಸಿದರೆ ಅಡಿಗೆಮನೆಯ ಕಟ್ಟೆಗಿಂತ ಅದು ಸಾವಿರ ಪಾಲು ಲೇಸು.

ಹೊಗೆ ಉಗುಳದ ಗಾಲಿಯೆಂಬ ಹೆಮ್ಮೆಗೂ ಒಂದು ಮಿತಿ ಇರಲಿ. ಅದೇ ಜಿಲ್ಲೆಯ ಕೂಡಗಿಯಲ್ಲಿ 2,400 ಮೆಗಾವಾಟಿನ ಕಲ್ಲಿದ್ದಲು ಸ್ಥಾವರ ಉರಿಯುತ್ತಿದೆ. ಅದನ್ನು ವಿರೋಧಿಸಿದ ರೈತರ ಮೇಲೆ 2014ರ ಜುಲೈನಲ್ಲಿ ಗೋಲಿಬಾರ್ ನಡೆದಿತ್ತು. ಇತ್ತ ಶರಾವತಿಯ ನೀರು ಲಿಂಗನಮಕ್ಕಿಯಲ್ಲಿ ನಿಂತ 1964ರಿಂದ ಘಟ್ಟದ ಮುಳುಗಿದ ಊರುಗಳು ರಾಜ್ಯಕ್ಕೆ ಬೆಳಕು ಕೊಟ್ಟಿವೆ. ಅದೇ ಕಣಿವೆಯಲ್ಲಿ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ತರಲು ಹೊರಟಿರುವುದೂ ವಿದ್ಯುತ್ತನ್ನು ಕೂಡಿಡುವ ಹೆಸರಿನಲ್ಲೇ. ಕೂಡಿಡುವುದಕ್ಕೆ ಎಲ್ಲಿಯೂ ಬೆಲೆ ಇದ್ದೇ ಇದೆ, ಅಂಗೈಯಲ್ಲಿ ಹಿಡಿಯುವ ಕೋಶಕ್ಕೂ.

ಆ ಬೆಲೆ ಎದುರಾಗುವುದು ಕೋಶ ಸತ್ತ ದಿನ. ಸೀಸದ ಹಳೆಯ ಬ್ಯಾಟರಿಗೆ ಊರ ಗುಜರಿಯಲ್ಲಿ ಬೆಲೆಯಿದೆ, ಆದ್ದರಿಂದ ಅದು ಮರಳಿ ಹೋಗುತ್ತದೆ. ಸತ್ತ ಲಿಥಿಯಂ ಕೋಶವನ್ನು ಹಳ್ಳಿಯಲ್ಲಿ ಕೇಳುವವರಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಯನ್ನು ಹಿಂದಕ್ಕೆ ಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಮನೆಯಲ್ಲಿ ಕಟ್ಟಿದ ಬ್ಯಾಟರಿಗೆ ತಯಾರಕ ಯಾರು? ಹೆಸರಿಲ್ಲದ ಆ ಕೋಶಗಳು ತಿಪ್ಪೆಗೆ ಬಿದ್ದು ಬೆಂಕಿ ಹಚ್ಚುತ್ತವೆ, ಇಲ್ಲವೇ ನಿಕಲ್ ಕೋಬಾಲ್ಟುಗಳೊಂದಿಗೆ ಹಳ್ಳ ಬಾವಿಗಳನ್ನು ಸೇರುತ್ತವೆ. ಆದಿಲ್‌ಶಾಹಿಗಳು ಕರೇಜಿನ ಸುರಂಗ ತೋಡಿ ನೀರು ತಂದ ಊರು ಅದು. ತಲೆಮಾರುಗಳ ಕಾಲ ಕಸ ಸುರಿದಿದ್ದ ತಾಜ್ ಬಾವಡಿಯಂಥ ಬಾವಿಗಳ ಹೂಳನ್ನು ಈಚೆಗಷ್ಟೇ ಎತ್ತಲಾಗಿದೆ. ಮಹಾನಗರ ಪಾಲಿಕೆ ನಗರದಲ್ಲೂ ಸ್ಥಳೀಯ ಸಂಸ್ಥೆಗಳು ತಿಕೋಟಾ, ಬಬಲೇಶ್ವರಗಳಲ್ಲೂ ಸತ್ತ ಕೋಶಗಳಿಗೆಂದು ಮರಳು ತುಂಬಿದ ಒಂದೊಂದು ಲೋಹದ ಡಬ್ಬ ಇಟ್ಟು, ಅದು ತುಂಬಿದಾಗ ಪರವಾನಗಿ ಪಡೆದ ಮರುಬಳಕೆದಾರರಿಗೆ ಒಪ್ಪಿಸುವ ಏರ್ಪಾಡು ಮಾಡಲು ಕೋಟಿ ರೂಪಾಯಿ ಬೇಕಾಗಿಲ್ಲ. ಮಲೆನಾಡಿನ ಪಂಚಾಯಿತಿಗಳಲ್ಲೂ ಇಂಥ ಡಬ್ಬ ಇನ್ನೂ ಕಂಡಿಲ್ಲ. ಮುಂದಿನ ಗ್ರಾಮಸಭೆಯ ವಿಷಯಪಟ್ಟಿಗೆ ಇದನ್ನು ಸೇರಿಸುವಂತೆ ಓದುಗರು ಲಿಖಿತ ಅರ್ಜಿ ಕೊಡಬೇಕು, ಅದರ ಸ್ವೀಕೃತಿಯನ್ನೂ ಕೇಳಿ ಪಡೆಯಬೇಕು.